ಗಿಡಕ್ಕೆ ಸಲೈನ್ ಹಚ್ಚಿದ ಸಂಗತಿ

ತಾವು ಕಾಣದ್ದನ್ನು ಕಂಡವರ ಹಾಗೆ ಹೇಳಿ ಸಂಬಳ ತೆಗೆದುಕೊಳ್ಳುವವರು ಲೋಕದಲ್ಲಿ ಬಹಳ ಜನ ಇದ್ದಾರೆ. ಭೂಗೋಳ ಕಲಿಸುವ ಮಾಸ್ತರು ಮರುಭೂಮಿಗೆ ಹೋಗಿ ಬಂದವರಲ್ಲ. ಇತಿಹಾಸ ಕಲಿಸುವವರು ಯಾವ ಯುದ್ಧದಲ್ಲೂ ಕತ್ತಿ ಹಿಡಿದವರಲ್ಲ. ಅವರನ್ನು ಯಾರೂ ಕೇಳುವುದಿಲ್ಲ, ಅದಕ್ಕಾಗಿ ಅವರು ನಿದ್ದೆಗೆಟ್ಟದ್ದನ್ನೂ ನಾನು ಕಂಡಿಲ್ಲ. ವಿಜ್ಞಾನ ಕಲಿಸುವವನ ಪಾಡು ಮಾತ್ರ ಬೇರೆ. "ನಾನು ಹೇಳಿದೆನೆಂದು ನಂಬಬೇಡಿ, ಪ್ರಯೋಗ ಮಾಡಿ ನೋಡಿ ನಂಬಿ" ಎಂದು ಅವನು ಮೊದಲ ದಿನವೇ ಹೇಳಿ ಸಿಕ್ಕಿಬಿದ್ದಿರುತ್ತಾನೆ. ಕಲಘಟಗಿಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಹೀಗೆ ಹೇಳುತ್ತ ಬಂದಿದ್ದೇನೆ. ಈಗ ವಯಸ್ಸೂ ಆಯಿತು, ದಣಿವೂ ಆಯಿತು, ಒಪ್ಪಿಕೊಂಡುಬಿಡುತ್ತೇನೆ. ಬೆಳಕಿನಲ್ಲಿ ಇಟ್ಟ ನೀರಿನ ಗಿಡದ ಎಲೆಯಿಂದ ಆಮ್ಲಜನಕದ ಗುಳ್ಳೆಗಳು ಏಳುತ್ತವೆ ಎಂದು ವರ್ಷಕ್ಕೊಮ್ಮೆ ತಪ್ಪದೆ ಪಾಠ ಮಾಡಿದ ನಾನು, ಆ ಗುಳ್ಳೆಯನ್ನು ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ.

ಪ್ರಯೋಗ ಮಾಡಿಲ್ಲವೆಂದಲ್ಲ. ಪ್ರತಿ ವರ್ಷ ಮಾಡಿದ್ದೇನೆ. ಕೆರೆಯಿಂದ ಹೈಡ್ರಿಲ್ಲಾ ಗಿಡ ತರುವುದು, ಬೀಕರಿನಲ್ಲಿ ನೀರು ತುಂಬುವುದು, ಗಿಡದ ಮೇಲೆ ಗಾಜಿನ ಆಲಿಕೆ ಬೋರಲು ಹಾಕುವುದು, ಅದರ ಮೇಲೆ ನೀರು ತುಂಬಿದ ಪ್ರನಾಳ ಕವುಚುವುದು, ಆಮೇಲೆ ಎಲ್ಲವನ್ನೂ ಉಸಿರು ಬಿಗಿಹಿಡಿದು ಎತ್ತಿ ಅಂಗಳದ ಬಿಸಿಲಿಗೆ ಇಡುವುದು. ಇಷ್ಟಾಗುವ ಹೊತ್ತಿಗೆ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಮೂವತ್ತು ನಿಮಿಷ ಹೋಗಿರುತ್ತದೆ. ಉಳಿದ ಹತ್ತು ನಿಮಿಷ ನಾನೂ ಮಕ್ಕಳೂ ಬೀಕರನ್ನು ನೋಡುತ್ತ ನಿಲ್ಲುತ್ತೇವೆ. ನಮ್ಮೂರು ಕಾಡಿನ ಅಂಚಿನಲ್ಲಿರುವುದರಿಂದ ಮೋಡಗಳಿಗೆ ಬರವಿಲ್ಲ. ಅವು ಸರಿಯಾಗಿ ಆ ಹತ್ತು ನಿಮಿಷಕ್ಕೇ ಬರುತ್ತವೆ. ಒಂದು ವರ್ಷ ತಪಾಸಣೆಗೆ ಬಂದ ಸಾಹೇಬರು "ಎಲ್ಲಿ, ಗುಳ್ಳೆ ತೋರಿಸಿ" ಎಂದು ಬೀಕರಿಗೆ ಮುಖ ಹಚ್ಚಿ ಕುಳಿತೇಬಿಟ್ಟರು. ನಾನು ಆಲಿಕೆ ಸರಿಮಾಡುವ ನೆಪದಲ್ಲಿ ಮೊಣಕೈಯಿಂದ ಬೀಕರಿಗೆ ಮೆಲ್ಲಗೆ ತಾಗಿಸಿದೆ. ಎಲೆಗಳ ನಡುವೆ ಸಿಕ್ಕಿಕೊಂಡಿದ್ದ ಗಾಳಿ ಬುಳುಬುಳು ಎಂದು ಮೇಲೆದ್ದಿತು. ಸಾಹೇಬರು ಸಂತೋಷಪಟ್ಟು ತಪಾಸಣೆಯ ಪುಸ್ತಕದಲ್ಲಿ 'ಉತ್ತಮ' ಎಂದು ಬರೆದು ಹೋದರು. ಆ ಪುಸ್ತಕ ಇರುವ ಕಪಾಟನ್ನು ತೆಗೆಯುವ ಕೆಲಸವನ್ನು ನಾನು ಇವತ್ತಿಗೂ ಬೇರೆಯವರಿಗೆ ಬಿಡುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಚಿತ್ರಕಲಾ ಮಾಸ್ತರಿಗೆ ನವಲಗುಂದಕ್ಕೆ ವರ್ಗವಾಯಿತು. ಹೋಗುವಾಗ ಅವರು ಮಂಚ, ಬೀರು, ಮುರಿದ ಕುರ್ಚಿಯನ್ನೂ ಬಿಡದೆ ಟೆಂಪೋದಲ್ಲಿ ಹೇರಿಕೊಂಡು, ದಾರಿಯಲ್ಲಿ ಒಡೆದೀತೆಂದು ಒಂದು ಗಾಜಿನ ಮೀನಿನ ತೊಟ್ಟಿಯನ್ನು ಮಾತ್ರ ನನಗೆ ಕೊಟ್ಟರು. ಅದು ನಮ್ಮ ಪಡಸಾಲೆಯ ಕಿಟಕಿಯ ಕೆಳಗೆ ಬಂದು ಕುಳಿತಿತು. ನನ್ನ ಹೆಂಡತಿ ಗಿರಿಜಾ ಅದನ್ನು ಒಂದು ಸುತ್ತು ಹಾಕಿ ನೋಡಿ, "ಅವರ ಮನಿ ಸ್ವಚ್ಛ ಆತು" ಎಂದಷ್ಟೇ ಹೇಳಿದಳು. ಸೊಳ್ಳೆಯ ಮರಿ ತಿನ್ನಲೆಂದು ಆರೋಗ್ಯ ಕೇಂದ್ರದವರು ಹೊಂಡಗಳಿಗೆ ಬಿಡುವ ಗಪ್ಪಿ ಮೀನುಗಳಲ್ಲಿ ಎಂಟನ್ನು ಕೇಳಿ ತಂದು ಬಿಟ್ಟೆ. ಹುಬ್ಬಳ್ಳಿಯಿಂದ ನಾಲ್ಕು ಬಗೆಯ ಗಿಡ ತಂದು ಮರಳಿನಲ್ಲಿ ನೆಟ್ಟೆ. ಮೇಲೆ ಒಂದು ಬಿಳಿ ದೀಪ ಹಾಕಿದೆ. ಮೋಡದ ಕಾಟವಿಲ್ಲ, ಗಂಟೆ ಬಾರಿಸುವವರಿಲ್ಲ, ಇನ್ನು ಗುಳ್ಳೆ ಬಾರದೆ ಎಲ್ಲಿಗೆ ಹೋದೀತು ಎಂದು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತೆ.

ಎರಡು ವರ್ಷ ಕುಳಿತೆ. ಮೀನು ಎಂಟು ಇದ್ದದ್ದು ಎಣಿಸಲಾರದಷ್ಟಾದವು. ಗಿಡಗಳು ಮಾತ್ರ ನೆಟ್ಟ ದಿನ ಇದ್ದಷ್ಟೇ ಇದ್ದವು, ಮೇಲೆ ಪಾಚಿಯ ಒಂದು ಅಂಗಿ ಹಾಕಿಕೊಂಡವು. ಕಡೆಗೆ ಮೊಬೈಲಿನ ಒಂದು ವಿಡಿಯೋದಲ್ಲಿ ಒಬ್ಬ ಪುಣ್ಯಾತ್ಮ ಇದರ ಗುಟ್ಟು ಹೇಳಿದ. ದೀಪ ಎಷ್ಟು ಉರಿದರೇನು, ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸಾಲದೆ ಹೋದರೆ ಗಿಡ ಅಡಿಗೆ ಮಾಡುವುದು ಯಾವುದರಿಂದ? ಈ ಮಾತನ್ನು ನಾನೇ ಇಪ್ಪತ್ತಾರು ವರ್ಷದಿಂದ ಮಕ್ಕಳ ತಲೆಗೆ ತುಂಬಿದ್ದೇನೆ. ನನ್ನ ಮನೆಯ ಗಿಡದ ವಿಷಯಕ್ಕೆ ಬಂದಾಗ ಮೊಬೈಲಿನವನು ಹೇಳಬೇಕಾಯಿತು. ಅವನ ಮನೆಯಲ್ಲಿ ಅದಕ್ಕೆಂದೇ ಕಬ್ಬಿಣದ ಸಿಲಿಂಡರು, ಅದರ ಕುತ್ತಿಗೆಗೆ ಎರಡು ಗಡಿಯಾರದಂಥ ಮಾಪಕ, ತಾನೇ ಚಾಲೂ ಆಗಿ ತಾನೇ ಬಂದಾಗುವ ಕೀಲಿ, ಎಲ್ಲ ಇದ್ದವು. ನನ್ನ ಮುಖ ಅವನಿಗೆ ಕಂಡಿತೋ ಏನೋ, "ಇದು ಕೈಗೆಟುಕದವರು ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲೇ ಮಾಡಿಕೊಳ್ಳಬಹುದು" ಎಂದು ಕೊನೆಗೆ ಹೇಳಿದ. ನಾನು ಆ ಭಾಗವನ್ನು ಏಳು ಸಲ ನೋಡಿದೆ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಏರ್ಪಾಡು ನಡೆದಿತ್ತು. ನಮ್ಮ ಮಗಳು ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಬಣ್ಣದ ತೊಟ್ಟಿಲಿಗೆ ಗಿರಿಜಾ ಮೂರು ತಿಂಗಳ ಮೊದಲೇ ಹೇಳಿ ಇಟ್ಟಿದ್ದಳು. ಗಾಳಿ ಬೆಳಕು ಎರಡೂ ಇರುವ ಜಾಗ ನಮ್ಮ ಮನೆಯಲ್ಲಿ ಒಂದೇ, ಅದು ಕಿಟಕಿಯ ಕೆಳಗೆ, ಅಲ್ಲಿ ನನ್ನ ತೊಟ್ಟಿ.

"ಈ ಐತವಾರ ಬಿಟ್ಟು ಮುಂದಿನ ಐತವಾರ ಮಗಳು ಬರ್ತಾಳ್ರಿ. ಶನಿವಾರ ತೊಟ್ಟಲಾ ಬರತೈತಿ. ಶುಕ್ರವಾರದೊಳಗ ನಿಮ್ಮ ಗುಳ್ಳಿ ಏನ್ ನೋಡ್ತೀರಿ ನೋಡ್ರಿ, ಆಮ್ಯಾಲೆ ಇದನ್ನ ಹಿತ್ತಲಕ್ಕ ಹಾಕೂಣು," ಎಂದಳು.

ಹಿತ್ತಿಲಿಗೆ ಹೋದ ಸಾಮಾನು ಮತ್ತೆ ಒಳಗೆ ಬಂದ ಉದಾಹರಣೆ ನಮ್ಮ ಸಂಸಾರದಲ್ಲಿ ಇಲ್ಲ. ನನಗೆ ಉಳಿದದ್ದು ಹನ್ನೆರಡು ದಿನ. ನಗಬೇಡಿ, ಆ ಹನ್ನೆರಡು ದಿನದಲ್ಲಿ ಆ ಗುಳ್ಳೆ ಕಾಣದಿದ್ದರೆ ನಿವೃತ್ತಿಯಾಗುವವರೆಗೂ ನಾನು ಮಕ್ಕಳ ಮುಂದೆ ನಿಂತು ಕಾಣದ್ದನ್ನೇ ಹೇಳುತ್ತಿರಬೇಕು ಎಂಬ ಯೋಚನೆಗೆ ನನಗೆ ನಿಜವಾಗಿಯೂ ಸಂಕಟವಾಯಿತು.

ಮೊದಲು ದೋಸೆಹಿಟ್ಟು ಹೊಳೆಯಿತು. ಹಿಟ್ಟು ಉಬ್ಬುವುದು ಇದೇ ಅನಿಲದಿಂದ ತಾನೇ? ಗಿರಿಜಾ ರುಬ್ಬಿಟ್ಟ ಹಿಟ್ಟಿನಲ್ಲಿ ಅರ್ಧ ಪಾತ್ರೆ ಬಾಟಲಿಗೆ ಸುರಿದು, ಮುಚ್ಚಳಕ್ಕೆ ತೂತು ಕೊರೆದು, ಮೀನಿನ ಅಂಗಡಿಯ ಸಣ್ಣ ರಬ್ಬರ್ ನಳಿಕೆ ಸಿಗಿಸಿದೆ. ಅನಿಲ ಬರುವ ಮೊದಲು ಹಿಟ್ಟೇ ನಳಿಕೆಯೊಳಗೆ ಹೊರಟಿತು. ಮೀನುಗಳು ಬಹಳ ಮೆಚ್ಚಿ ತಿಂದವು. ಮರುದಿನ ನಮಗೆ ಮಾತ್ರ ತಲೆಗೆ ಒಂದೂವರೆ ದೋಸೆ ಬಂತು, ಆ ಅರ್ಧದ ಬಗ್ಗೆ ಗಿರಿಜಾ ಮೂರು ದಿನ ಮಾತಾಡಿದಳು. ಆಮೇಲೆ ಅಡಿಗೆ ಸೋಡಾ, ನಿಂಬೆರಸ. ಅದು ಐದು ನಿಮಿಷ ಭೋರ್ಗರೆದು ಸುಮ್ಮನಾಯಿತು. ಐದು ನಿಮಿಷಕ್ಕೊಮ್ಮೆ ನಿಂಬೆಹಣ್ಣು ಹಿಂಡುತ್ತ ಕೂಡ್ರುವ ಶಕ್ತಿ ನನ್ನಲ್ಲಿರಲಿಲ್ಲ.

ಕಡೆಗೆ ಮೊಬೈಲಿನವನ ದಾರಿಗೇ ಬಂದೆ. ಅವನು ಹೇಳಿದ್ದು ಸಕ್ಕರೆ ಮತ್ತು ಯೀಸ್ಟು. ಸುತ್ತಲೂ ಕಬ್ಬಿನ ಹೊಲ ಇರುವಾಗ ಸಕ್ಕರೆ ಯಾಕೆಂದು ನಾನು ಬೆಲ್ಲ ಹಾಕಿದೆ. ಯೀಸ್ಟನ್ನು ಬೇಕರಿಯವರು ಕಾಗದದಲ್ಲಿ ಕಟ್ಟಿಕೊಟ್ಟರು. ಅನಿಲ ಸಣ್ಣ ಸಣ್ಣ ಗುಳ್ಳೆಯಾಗಿ ನೀರಿನಲ್ಲಿ ಕರಗಲೆಂದು ನಳಿಕೆಯ ಬಾಯಿಗೆ ಏನೋ ಪಿಂಗಾಣಿಯ ಬಿಲ್ಲೆ ಹಾಕಬೇಕಂತೆ. ನಾನು ಹಲ್ಲುಜ್ಜುವ ಬೇವಿನ ಕಡ್ಡಿಯ ತುಂಡೊಂದನ್ನು ಬಿಗಿಯಾಗಿ ತುರುಕಿದೆ. ನಂಬುವುದಾದರೆ ನಂಬಿ, ಅದು ಅಚ್ಚುಕಟ್ಟಾಗಿ ಕೆಲಸ ಮಾಡಿತು. ಇನ್ನು ಉಳಿದದ್ದು ಒಂದೇ. ನಿಮಿಷಕ್ಕೆ ಎಷ್ಟು ಗುಳ್ಳೆ ಹೋಗುತ್ತವೆಂದು ಎಣಿಸಲು ನಡುವೆ ಒಂದು ಗಾಜಿನಂಥ ಡಬ್ಬಿ ಬೇಕು. ಅದಕ್ಕೆ ಅತ್ಯಂತ ಅಗ್ಗದ ಉಪಾಯವೆಂದರೆ ಆಸ್ಪತ್ರೆಯಲ್ಲಿ ಸಲೈನ್ ಹಚ್ಚುವ ನಳಿಕೆ. ಅದರಲ್ಲಿ ಹನಿ ಬೀಳುವ ಡಬ್ಬಿಯೂ ಇರುತ್ತದೆ, ಹರಿವು ಹೆಚ್ಚು ಕಡಿಮೆ ಮಾಡುವ ಸಣ್ಣ ಗಾಲಿಯೂ ಇರುತ್ತದೆ. ಗಾಲಿಯನ್ನು ಮಾತ್ರ ಪೂರ್ತಿ ಬಂದ್ ಮಾಡಬಾರದು, ಮಾಡಿದರೆ ಬಾಟಲಿಯಲ್ಲಿ ಒತ್ತಡ ಏರಿ ಅನಾಹುತವಾಗುತ್ತದೆ ಎಂದು ಅವನು ಎರಡೆರಡು ಸಲ ಹೇಳಿದ್ದ.

ಬುಧವಾರ ಸಂಜೆ ಔಷಧದ ಅಂಗಡಿಗೆ ಹೋದೆ. ಅಂಗಡಿಯ ವೀರೇಶ ನನ್ನ ಹಳೆಯ ವಿದ್ಯಾರ್ಥಿ, ಬಮ್ಮಿಗಟ್ಟಿಯವನು, ದಿನಾ ಸ್ಕೂಟರಿನ ಮೇಲೆ ಬಂದು ಹೋಗುತ್ತಾನೆ. ನನ್ನ ಹಿಂದೆ ನಮ್ಮ ಶಾಲೆಯ ಇಬ್ಬರು ಮಕ್ಕಳ ತಾಯಂದಿರು ನಿಂತಿದ್ದರು.

"ಸಲೈನ್ ಸೆಟ್ ಯಾರಿಗ್ರಿ ಸರ?" ಎಂದ ವೀರೇಶ.

ಇಲ್ಲಿ ನಾನು 'ಗಿಡಕ್ಕೆ' ಎಂದು ಹೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಆ ತಾಯಂದಿರ ಮುಖ ನೋಡಿದೆ. ಗಿಡಕ್ಕೆ ಸಲೈನ್ ಹಚ್ಚುವವನ ಕೈಯಲ್ಲಿ ತಮ್ಮ ಮಕ್ಕಳ ಎಸೆಸೆಲ್ಸಿ ಇದೆಯೆಂದು ಗೊತ್ತಾದರೆ ಅವರಿಗೆ ಹೇಗೆ ಅನ್ನಿಸೀತು?

"ಮನ್ಯಾಗ ಬೇಕಾಗಿತ್ತು," ಎಂದೆ.

"ಅಕ್ಕಾರಿಗೆ ಆರಾಮಿಲ್ಲೇನ್ರಿ?"

"ಆಕಿಗಲ್ಲಪಾ, ನನಗ."

"ಏನಾಗೇತ್ರಿ ಸರ?"

"ಹಿಂಗ, ನಿಶ್ಶಕ್ತಿ." ಇದರಲ್ಲಿ ಸುಳ್ಳೇನೂ ಇರಲಿಲ್ಲ.

"ಮತ್ತ ಸಲೈನ್ ಬಾಟ್ಲಿ ಬ್ಯಾಡೇನ್ರಿ?"

"ಬಾಟ್ಲಿ ಮನ್ಯಾಗ ಐತಿ."

"ಸೂಜಿ ಹಾಕವ್ರು ಯಾರ್ರಿ?"

"ನಾನ ನೋಡ್ಕೋತೀನಿ," ಎಂದು ಕೈಗೆ ಸಿಕ್ಕ ಪೊಟ್ಟಣ ಜೇಬಿಗೆ ಹಾಕಿಕೊಂಡು ಹೊರಟೆ. ವೀರೇಶ ಅಂಗಡಿಯ ಮೆಟ್ಟಿಲವರೆಗೆ ಬಂದು ನಾನು ಹೋಗುವುದನ್ನೇ ನೋಡುತ್ತ ನಿಂತ.

ಮನೆಗೆ ಬಂದು ಬೆಲ್ಲದ ಬಾಟಲಿಯನ್ನು ತೊಟ್ಟಿಯ ಮೇಲಿನ ಹಲಗೆಯಲ್ಲಿ ಇಟ್ಟು, ಮುಚ್ಚಳಕ್ಕೆ ಪ್ಲಂಬರ್ ಅಂಟು ಬಳಿದು, ಸಲೈನ್ ನಳಿಕೆಯನ್ನು ಕಿಟಕಿಯ ಮೊಳೆಗೆ ತೂಗುಹಾಕಿ, ತುದಿಯನ್ನು ನೀರಿಗೆ ಬಿಟ್ಟೆ. ಗುರುವಾರ ಬೆಳಿಗ್ಗೆ ಡಬ್ಬಿಯಲ್ಲಿ ಒಂದೊಂದೇ ಗುಳ್ಳೆ ಹೊರಟಿತ್ತು. ಸಂಜೆ ಶಾಲೆಯಿಂದ ಬಂದು ನೋಡಿದರೆ ಎಲೆಗಳ ಬಣ್ಣವೇ ಹಸಿರಿಗೆ ತಿರುಗಿತ್ತು. ದೀಪ ಹಾಕಿ ಐದಾರು ತಾಸಾದ ಮೇಲೆ ಗಿಡ ಗುಳ್ಳೆ ಬಿಡುತ್ತದೆ ಎಂದು ಮೊಬೈಲಿನವನು ಹೇಳಿದ್ದ. ಎಂದರೆ ಶುಕ್ರವಾರ ಮಧ್ಯಾಹ್ನದ ಮೇಲೆ. ಆ ಹೊತ್ತಿನಲ್ಲಿ ನಾನು ಶಾಲೆಯಲ್ಲಿ ಇರುತ್ತೇನೆ. ಹಿಂದಿನ ರವಿವಾರವೇ ಇದನ್ನೆಲ್ಲ ಜೋಡಿಸಿ ಮುಗಿಸೋಣವೆಂದರೆ ಅದು ಮನೆಮನೆ ಗಣತಿಗೆ ಹೋಗಿತ್ತು. ಮಾಸ್ತರರ ರವಿವಾರಗಳು ಊರಿನ ಸಾರ್ವಜನಿಕ ಆಸ್ತಿ. ಆದ್ದರಿಂದ ಶುಕ್ರವಾರ ಒಂದು ದಿನ ರಜೆ ಹಾಕಿದೆ. ಅರ್ಜಿಯಲ್ಲಿ 'ಮೈಯಲ್ಲಿ ಹುಷಾರಿಲ್ಲದ ಕಾರಣ' ಎಂದು ಬರೆದೆ. ನಾನು ಈವರೆಗೆ ಬರೆದ ಎಲ್ಲ ರಜೆ ಅರ್ಜಿಗಳಲ್ಲೂ, ನನ್ನ ಮದುವೆಯದನ್ನು ಬಿಟ್ಟು, ಅದೇ ಸಾಲು ಇದೆ. ಕೈ ತಾನಾಗಿಯೇ ಬರೆಯುತ್ತದೆ.

ಶುಕ್ರವಾರ ಹತ್ತಕ್ಕೆ ದೀಪ ಹಾಕಿ ತೊಟ್ಟಿಯ ಮುಂದೆ ಕುಳಿತೆ. ಹನ್ನೆರಡರ ಬಸ್ಸಿಗೆ ಬಮ್ಮಿಗಟ್ಟಿಯಿಂದ ನೀಲವ್ವ ಅತ್ತೆ ಬಂದಳು. ನನ್ನ ತಂದೆಯ ತಂಗಿ, ಎಪ್ಪತ್ತು ದಾಟಿದ್ದಾಳೆ. ನಮ್ಮ ಬಳಗದಲ್ಲಿ ಯಾರೇ ಹುಬ್ಬಳ್ಳಿಯ ದವಾಖಾನೆ ಸೇರಿದರೂ ಅವರ ಮಂಚದ ಬಾಜು ಕೂಡ್ರಲು ಮೊದಲು ಕಳಿಸುವುದು ಅತ್ತೆಯನ್ನೇ. ನಲವತ್ತು ವರ್ಷದಲ್ಲಿ ಎಷ್ಟು ಬಾಟಲಿ ಸಲೈನ್ ಇಳಿಯುವುದನ್ನು ಅವಳು ಕಾದು ನೋಡಿದ್ದಾಳೋ, ಹೊಸ ನರ್ಸುಗಳಿಗೂ ಅಷ್ಟು ಅನುಭವ ಇರಲಾರದು. ಕೈಯಲ್ಲಿ ಬ್ರೆಡ್ಡು, ಎರಡು ಪುಡಿಕೆ ಬಿಸ್ಕೀಟು, ಸೆರಗಿನ ಗಂಟಿನಲ್ಲಿ ಮಠದ ವಿಭೂತಿ.

"ವೀರೇಶ ಹೇಳಿದಾ. ಸಲೈನ್ ಹಚ್ಚೂ ಮಟಾ ಬಂದೈತಿ, ನಮಗ ಒಂದ ಮಾತ ಹೇಳಬೇಕ ಅನಸಲಿಲ್ಲ?" ಎಂದು ಬಾಗಿಲಲ್ಲೇ ಕೇಳಿದಳು.

ಗಿರಿಜಾ ಅಡಿಗೆಮನೆಯಿಂದ ಬಂದು, "ಇವರಿಗೇನೂ ಆಗಿಲ್ರಿ ಅತ್ತಿ. ಅದು ಗಿಡಕ್ಕ ಹಚ್ಚ್ಯಾರ," ಎಂದಳು.

"ನನ್ನ ಮುಂದರ ಮುಚ್ಚಬ್ಯಾಡ ಬೇ. ಎಲ್ಲಾರೂ ಮೊದಲ ಹಿಂಗ ಅಂತಾರ. ನಿಮ್ಮ ಮಾವನೂ ಏನೂ ಆಗಿಲ್ಲ ಅಂತನ ಹೋದಾ," ಎಂದು ಅತ್ತೆ ನನ್ನ ಹಣೆಗೆ ಕೈ ಇಟ್ಟಳು. ಎರಡು ತಾಸು ದೀಪದ ಬುಡದಲ್ಲಿ ಕುಳಿತ ಹಣೆ ಬಿಸಿಯಾಗದೆ ಇರುತ್ತದೆಯೇ? "ನೋಡಿದ್ಯಾ, ಕಾದೈತಿ." ಆ ಬಿಸಿ ಹಣೆಗೆ ವಿಭೂತಿ ಬಿತ್ತು. ಹುಳಿ ಬಂದ ಬೆಲ್ಲದ ವಾಸನೆ ಪಡಸಾಲೆ ತುಂಬಿತ್ತು. ಅತ್ತೆ ಮೂಗು ಅರಳಿಸಿ, "ಅಗದಿ ದವಾಖಾನಿ ವಾಸನಿ," ಎಂದು ಖಾತ್ರಿ ಮಾಡಿಕೊಂಡಳು. ಅವಳ ಜೊತೆ ವಾದ ಮಾಡುವ ತ್ರಾಣ ನನಗಿರಲಿಲ್ಲ. ಬ್ರೆಡ್ಡು ತಿನ್ನುತ್ತ ತೊಟ್ಟಿಯನ್ನೇ ನೋಡಿದೆ.

ನಾಲ್ಕೂವರೆಯ ಸುಮಾರಿಗೆ ಒಂದು ಎಲೆಯ ಮೇಲೆ ಏನೋ ಹೊಳೆದಂತಾಯಿತು. ಗುಳ್ಳೆಯೋ, ದೀಪದ ಬಿಂಬವೋ ತಿಳಿಯಲಿಲ್ಲ. ಕನ್ನಡಕ ಮಂಜಾಗಿತ್ತು. ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದೆ, ಕಿಟಕಿಯಿಂದ ಹೊರಗೆ ನೋಡಿದ ಗಿರಿಜಾ, "ಏನ್ರಿ, ಹೆಡ್‌ಮಾಸ್ತರು ಬರಾಕತ್ತಾರ. ಸಂಗಾಟ ಗಣಿತದ ಬಾಯಾರೂ ಅದಾರ. ಕೈಯಾಗ ಎಳನೀರ ಐತಿ," ಎಂದಳು.

ರಜೆ ಅರ್ಜಿ ಕಣ್ಣ ಮುಂದೆ ಬಂತು. ಹೆಡ್‌ಮಾಸ್ತರು ಕನ್ನಡ ಕಲಿಸುವವರು, ಸಾಧು ಮನುಷ್ಯ, ಯಾರು ಏನು ಬರೆದುಕೊಟ್ಟರೂ ನಂಬಿ ಸಹಿ ಹಾಕುವವರು. ಅಂಥವರ ಎದುರು ಗಟ್ಟಿಮುಟ್ಟಾಗಿ ಕುಳಿತು ಬ್ರೆಡ್ಡು ತಿನ್ನುವುದು ಹೇಗೆ? ಕನ್ನಡಕ ಹಾಕಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಒಳಕೋಣೆಗೆ ಓಡಿ ಹಾಸಿಗೆಯಲ್ಲಿ ಬಿದ್ದು ಹೊದ್ದುಕೊಂಡೆ. ನಾನು ಓಡಿದ್ದನ್ನು ಕಂಡ ಅತ್ತೆ, "ಹಿಂಗ ಎದ್ದು ಓಡ್ಯಾಡಿದ್ರ ಕಮ್ಮಿ ಹೆಂಗಾಗತೈತಿ," ಎನ್ನುತ್ತ ಬಂದು ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕುಳಿತಳು.

ಹೆಡ್‌ಮಾಸ್ತರು ಒಳಗೆ ಬಂದು, "ಏಳಬ್ಯಾಡ್ರಿ, ಮಲಕೊಳ್ರಿ. ಹಿಂಗ ಮಾತಾಡ್ಸಿಕೊಂಡು ಹೋಗೂಣಂತ ಬಂದ್ವಿ. ಬಿಪಿ ಗುಳಗಿ ತರಾಕ ಹೋಗಿದ್ದೆ, ವೀರೇಶ ಹೇಳಿದಾ," ಎಂದರು. ಆಮೇಲೆ ತಮ್ಮ ಭಾವಮೈದುನನಿಗೂ ಹೀಗೆಯೇ ನಿಶ್ಶಕ್ತಿಯಿಂದ ಶುರುವಾದದ್ದನ್ನು ಹೇಳಿದರು. ಅವನು ಈಗ ಹೇಗಿದ್ದಾನೆಂದು ನಾನು ಕೇಳಲಿಲ್ಲ. ಕಾಯಿಲೆಯವರನ್ನು ನೋಡಲು ಬಂದವರು ಅಂಥದೇ ಕಾಯಿಲೆಯಿಂದ ತೀರಿಕೊಂಡವರ ಕಥೆ ಹೇಳುವುದು ನಮ್ಮ ಕಡೆಯ ಪದ್ಧತಿ. ಅಷ್ಟರಲ್ಲಿ ಗಿರಿಜಾ ಚಹಾ ಕೊಡಲು ಅವರನ್ನು ಪಡಸಾಲೆಗೆ ಕರೆದಳು. ನಾನು ಹೊದಿಕೆಯೊಳಗೆ ಕಿವಿ ಅಗಲಿಸಿ ಮಲಗಿದೆ.

"ತಂಗೆವ್ವಾ, ಇದೇನ ಇದು? ಎಲಿಗೆ ಬೆಳ್ಳಿ ಕಾಳು ಹತ್ತಿದಂಗ ಐತಲ್ಲ," ಎಂದು ಹೆಡ್‌ಮಾಸ್ತರರ ದನಿ ಕೇಳಿತು.

"ಒಂದ ಅಲ್ರಿ ಸರ, ಈ ಬಾಜೂಕ ನೋಡ್ರಿ, ಎಲ್ಲಾ ಎಲಿಗೂ ಬಂದಾವ," ಎಂದರು ಗಣಿತದ ಬಾಯಿಯವರು. ಅವರು ನಮ್ಮ ಗಣಿತದ ಶಿಕ್ಷಕಿ, ಏನನ್ನು ಕಂಡರೂ ಎಣಿಸುವವರು. ಹನ್ನೊಂದು, ಹನ್ನೆರಡು ಎನ್ನುವುದು ನನಗೆ ಕೇಳುತ್ತಿತ್ತು. ಗಿರಿಜಾ ಸಹ, "ಅಯ್ಯ, ಮ್ಯಾಲೆ ಹೊಂಟಾವ ನೋಡ್ರಿ," ಎಂದಳು. ಎರಡು ವರ್ಷದಲ್ಲಿ ಒಮ್ಮೆಯೂ ಆ ತೊಟ್ಟಿಯತ್ತ ಬಗ್ಗಿ ನೋಡದವಳು.

ನಾನು ಇಪ್ಪತ್ತಾರು ವರ್ಷ ಕಾದದ್ದು ಹದಿನೈದು ಹೆಜ್ಜೆ ದೂರದಲ್ಲಿ ನಡೆದಿತ್ತು, ನಡುವೆ ಅತ್ತೆ ಕುಳಿತಿದ್ದಳು. ಎದ್ದೆ. "ಎಲ್ಲಿಗೆ? ತಲಿ ತಿರಗಿ ಬಿದ್ದಿ ಅಂದ್ರ?" ಎಂದು ಹೆಗಲು ಹಿಡಿದು ಮಲಗಿಸಿದಳು. ಅವಳನ್ನು ಅಲ್ಲಿಂದ ಎಬ್ಬಿಸಲು ಒಂದೇ ಉಪಾಯ ತೋಚಿತು. "ಅತ್ತಿ, ಬಾಯಿ ಒಣಗಾಕತ್ತೈತಿ, ಒಂದಿಷ್ಟು ನೀರು," ಎಂದು ರೋಗಿಯ ದನಿಯಲ್ಲಿ ಕೇಳಿದೆ. ಅತ್ತೆ ಎದ್ದು ಹೋದಳು. ನಾನು ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು, ಗೋಡೆ ಹಿಡಿದುಕೊಂಡು, ಕಾಯಿಲೆಯವರು ನಡೆಯುವ ಹಾಗೆ ಮೆಲ್ಲಗೆ ಹೊರಟೆ. ಇಷ್ಟು ವರ್ಷ ಶಾಲೆಯ ನಾಟಕಗಳಲ್ಲಿ ಮಕ್ಕಳಿಗೆ ಅಭಿನಯ ಕಲಿಸಿದವನು ನಾನು, ಆ ಅಭಿನಯವೇ ನನಗೆ ಮುಳುವಾಯಿತು. ಬೇಗ ನಡೆದಿದ್ದರೆ ತಲುಪುತ್ತಿದ್ದೆ. ಬಾಗಿಲಿಗೆ ಬರುವಷ್ಟರಲ್ಲಿ ಹೆಡ್‌ಮಾಸ್ತರು ಹೇಳಿ ಹೋಗಲೆಂದು ಎದುರಿಗೇ ಬಂದರು. "ಅರೆ, ಏನ್ ಮಾಡಾಕತ್ತೀರಿ ಮಾಸ್ತರ," ಎಂದು ತೋಳು ಹಿಡಿದು ನನ್ನನ್ನು ಮತ್ತೆ ಹಾಸಿಗೆಗೆ ತಂದರು. ತಂದವರು, ಪಾಪ, ಒಬ್ಬನೇ ಇರಬಾರದೆಂದು ತಾವೂ ಕುಳಿತು, ಭಾವಮೈದುನನ ಕಥೆಯ ಉಳಿದ ಭಾಗವನ್ನು ಅರ್ಧ ತಾಸು ಹೇಳಿದರು.

ಆ ಅರ್ಧ ತಾಸಿನಲ್ಲಿ ಪಡಸಾಲೆಯಲ್ಲಿ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ನೀರು ತರಲು ಹೋದ ಅತ್ತೆಯ ಕಣ್ಣಿಗೆ ಮೊಳೆಗೆ ತೂಗುಬಿದ್ದ ಸಲೈನ್ ನಳಿಕೆ ಬಿದ್ದಿದೆ. ಡಬ್ಬಿಯಲ್ಲಿ ಔಷಧ ಇಲ್ಲ, ಬರೀ ಗಾಳಿಯ ಗುಳ್ಳೆ. ದವಾಖಾನೆಯಲ್ಲಿ ಮಂಚದ ಬಾಜು ಕುಳಿತವರಿಗೆಲ್ಲ ಗೊತ್ತಿರುವ ಮಾತು ಒಂದೇ: ಬಾಟಲಿ ಮುಗಿದು ನಳಿಕೆಯಲ್ಲಿ ಗಾಳಿ ಬಂತೆಂದರೆ ಒಂದು ಗಳಿಗೆಯೂ ತಡಮಾಡದೆ ಗಾಲಿ ಬಂದ್ ಮಾ‌ಡಬೇಕು. "ಸಲೈನ್ ಮುಗದು ಗಾಳಿ ಹೊಂಟೈತಿ. ಸೂಜಿ ತಗದು ನೀರಾಗ ಬಿಟ್ಟ ಕುಂತಾರ, ಬಂದ್ ಮಾಡೂದ ತಿಳೀವಲ್ದು," ಎಂದು ಗೊಣಗಿ, ನಲವತ್ತು ವರ್ಷದ ಅನುಭವದ ಹೆಬ್ಬೆರಳಿನಿಂದ ಗಾಲಿಯನ್ನು ತುದಿಯವರೆಗೆ ತಿರುಗಿಸಿ ಬಿಗಿದಿದ್ದಾಳೆ. ಎರಡು ದಿನ ಹುಳಿತ ಬೆಲ್ಲ ಆಗ ಒಳ್ಳೆಯ ಉತ್ಸಾಹದಲ್ಲಿತ್ತು. ನನ್ನ ಪ್ಲಂಬರ್ ಅಂಟು, ಹೆಡ್‌ಮಾಸ್ತರರ ಕಥೆಯಲ್ಲಿ ಭಾವಮೈದುನ ಐಸಿಯು ಸೇರುವವರೆಗೆ ತಡೆದದ್ದೇ ಹೆಚ್ಚು.

'ಢಪ್' ಎಂದು ಸದ್ದಾಯಿತು. ನಾನು ಹೊದಿಕೆ ಎಸೆದು, ಹೆಡ್‌ಮಾಸ್ತರರನ್ನು ದಾಟಿ, ಸ್ಟೂಲಿನ ಮೇಲಿಂದ ಹಾರಿ ಪಡಸಾಲೆಗೆ ಓಡಿದೆ. ಮುಚ್ಚಳ ಎಲ್ಲೋ ಹೋಗಿತ್ತು. ಹಲಗೆಯಿಂದ ಉರುಳಿದ ಬಾಟಲಿ ತೊಟ್ಟಿಯೊಳಗೆ ತಲೆಕೆಳಗಾಗಿ ನಿಂತು ಬೆಲ್ಲದ ನೊರೆಯನ್ನೆಲ್ಲ ಅಲ್ಲೇ ಖಾಲಿ ಮಾಡುತ್ತಿತ್ತು. ಗಣಿತದ ಬಾಯಿಯವರು ಸೆರಗು ಝಾಡಿಸುತ್ತಿದ್ದರು. ಗಿರಿಜಾ ಚಹಾ ಸೋಸುವ ಜಾಳಿಗೆಯಿಂದ ಮೀನುಗಳನ್ನು ಹಿಡಿಹಿಡಿದು ಬಕೆಟ್ಟಿಗೆ ಹಾಕುತ್ತಿದ್ದಳು. ಅವು ಎಲ್ಲ ಬದುಕಿದವು. ನಾನು ಗಾಜಿಗೆ ಮುಖ ಹಚ್ಚಿ ನೋಡಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಎಲೆಯೂ ಕಾಣಲಿಲ್ಲ, ಗುಳ್ಳೆಯೂ ಕಾಣಲಿಲ್ಲ.

ಹೆಡ್‌ಮಾಸ್ತರು ನಿಧಾನವಾಗಿ ಹೊರಗೆ ಬಂದರು. ತೊಟ್ಟಿ ನೋಡಿದರು, ಬರಿಗಾಲಲ್ಲಿ ಹಾರಿ ಬಂದ ನನ್ನನ್ನು ನೋಡಿದರು. "ಮಾಸ್ತರ, ಈಗ ಹೆಂಗ ಅನಸತೈತ್ರಿ?" ಎಂದು ಕೇಳಿದರು.

ನಾನು ಎಲ್ಲವನ್ನೂ ಹೇಳಿದೆ. ಅರ್ಜಿಯ ಸಾಲು, ವೀರೇಶನ ಅಂಗಡಿ, ತಪಾಸಣೆಯ ಸಾಹೇಬರ ಮುಂದೆ ಮೊಣಕೈ ತಾಗಿಸಿದ್ದು ಸಹ. ಹೇಳುತ್ತ ಹೇಳುತ್ತ ಅಳು ಬರುವ ಹಾಗಾಯಿತು. ಅವರು ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು.

"ಹಂಗಾದ್ರ ಆ ಗುಳ್ಳಿ ನೀವು ನೋಡೇ ಇಲ್ಲ?"

"ಇಲ್ರಿ ಸರ."

"ಇಷ್ಟು ವರ್ಷದಾಗ?"

"ಇಲ್ರಿ."

"ನಾವು ಅಗದಿ ಬಾಜೂಕ ಕುಂತು ನೋಡಿದ್ವಲ್ರಿ," ಎಂದು ಅವರು ಬಹಳ ವ್ಯಥೆಪಟ್ಟು ಹೇಳಿದರು. ಅವರನ್ನು ಕಳಿಸಿ ಬಂದ ಅತ್ತೆ, ತಾನು ಹೊತ್ತಿಗೆ ಸರಿಯಾಗಿ ಗಾಲಿ ಬಂದ್ ಮಾಡಿದ್ದಕ್ಕೆ ನಾನು ಉಳಿದುಕೊಂಡೆನೆಂದು ಸಮಾಧಾನದಿಂದ ಉಳಿದ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ನನಗೆ ಕೊಟ್ಟಳು. ಶನಿವಾರ ತೊಟ್ಟಿ ಹಿತ್ತಿಲಿಗೆ ಹೋಯಿತು, ತೊಟ್ಟಿಲು ಒಳಗೆ ಬಂತು.

ಸೋಮವಾರ ಶಾಲೆಗೆ ಹೋದರೆ ಹೆಡ್‌ಮಾಸ್ತರು ಕಾರಿಡಾರಿನಲ್ಲೇ ನಿಂತಿದ್ದರು. "ಆ ಎಲಿ ಪಾಠ ಯಾವ ಕ್ಲಾಸಿಗೆ ಬರತೈತ್ರಿ ಮಾಸ್ತರ? ನಾನೂ ಬಂದು ಕುಂದರತೀನಿ," ಎಂದರು. ಪಾಠ ಕೊನೆಯ ಪಿರಿಯಡ್ಡಿಗೆ ಇತ್ತು. ನನ್ನ ಅರ್ಜಿಯ ಲೆಕ್ಕ ಚುಕ್ತಾ ಮಾಡಲು ಬರುತ್ತಾರೆಂದು ಅಂಜಿಕೊಂಡೇ ತರಗತಿಗೆ ಹೋದೆ. ಬೋರ್ಡಿನ ಮೇಲೆ ಗಿಡ ಬರೆದು, ಅದರ ತುದಿಯಿಂದ ಸರದ ಹಾಗೆ ಮೇಲೇರುವ ನಾಲ್ಕು ಗುಳ್ಳೆ ಬರೆದೆ. ಹೆಡ್‌ಮಾಸ್ತರು ಕುರ್ಚಿಯಿಂದ ಎದ್ದರು.

"ತಪ್ಪು ತಿಳಕೋಬ್ಯಾಡ್ರಿ. ಗುಳ್ಳಿ ತುದೀಗೆ ಇರಂಗಿಲ್ಲ. ಎಲಿ ತೆಳಗ ಹುಟ್ಟತಾವ."

ನಾನು ಒರೆಸಿ ಎಲೆಯ ಕೆಳಗೆ ಬರೆದೆ.

"ಇಷ್ಟು ದೊಡ್ಡು ಅಲ್ರಿ. ಸಾಸಿವಿ ಕಾಳಿಗಿಂತ ಸಣ್ಣು."

ಮತ್ತೆ ಒರೆಸಿದೆ. ಮೂರನೆಯ ಸಲ ಅವರೇ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ನನಗೆ ನಿಲ್ಲಲು ಜಾಗವಿಲ್ಲದಂತಾಗಿ ಹಿಂದಿನ ಬೆಂಚಿನ ತುದಿಗೆ ಹೋಗಿ ಕುಳಿತೆ. ಆ ಮನುಷ್ಯ ಮೂವತ್ತು ವರ್ಷ ಹಳಗನ್ನಡ ಕಲಿಸಿದವರು. ಗುಳ್ಳೆ ಹೇಗೆ ಮೊದಲು ಕಂಡೂ ಕಾಣದ ಹಾಗೆ ಎಲೆಯ ಕೆಳಗೆ ಮೂಡುತ್ತದೆ, ಹೇಗೆ ಅಂಚಿಗೆ ಸರಿದು ಬಂದು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ನಿಂತಲ್ಲೇ ಹೇಗೆ ದುಂಡಗಾಗುತ್ತದೆ ಎಂದು ಅವರು ಕೈ ಬೆರಳು ಕೂಡಿಸಿ ತೋರಿಸುತ್ತ ಹೇಳುತ್ತಿದ್ದರೆ, ನನ್ನ ಪಾಠಕ್ಕೆ ಎಂದೂ ಬಾಯಿ ಮುಚ್ಚದ ತರಗತಿ ಸುಮ್ಮನೆ ಕುಳಿತಿತ್ತು. ಆಮೇಲೆ ಅದು ಎಲೆಯನ್ನು ಬಿಟ್ಟು ಮೇಲೆ ಹೋಗುತ್ತದೆ ಎಂದು ಹೇಳಿ ಮುಗಿಸಿ, ಬೋರ್ಡಿನತ್ತ ತಿರುಗಿ ಚಿತ್ರ ತಿದ್ದುತ್ತಲೇ, "ಯಾರದರ ಏನರ ಕೇಳೂದೈತೇನು?" ಎಂದರು.

ಮಕ್ಕಳಲ್ಲಿ ಯಾರೂ ಕೇಳಲಿಲ್ಲ. ನನಗೇ ತಿಳಿಯದ ಹಾಗೆ ನಾನು ಎದ್ದು ನಿಂತಿದ್ದೆ.

"ಸರ, ಎಲಿ ಬಿಟ್ಟ ಮ್ಯಾಲೆ ಗುಳ್ಳಿ ಸಪ್ಪಳ ಮಾಡತೈತೇನ್ರಿ?"

ಹೆಡ್‌ಮಾಸ್ತರು ಎಲೆಯ ಕೆಳಗೆ ಇನ್ನೊಂದು ಗುಳ್ಳೆ ಬರೆದರು. "ಇಲ್ಲ, ಸಪ್ಪಳ ಬರಂಗಿಲ್ಲ," ಎಂದು ತಿರುಗಿ ನೋಡದೆ ಹೇಳಿದರು. "ಛಲೋ ಕೇಳಿದಿ, ಕುಂದರು."

ನಾನು ಕುಳಿತುಕೊಂಡೆ.